ಹನ್ನೊಂದು ಜನರ ಬಡ್ಡಿ, ಒಬ್ಬನ ಹೆಸರು

ಮೊಬೈಲು ಜೇಬಿನಲ್ಲಿ ಗುಂಯ್‌ಗುಟ್ಟಿದಾಗ ಅವನ ಎರಡೂ ಕೈಗಳು ಕೊಳೆ ಬಟ್ಟೆಯ ರಾಶಿಯೊಳಗಿದ್ದವು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೊಳೆ ವಿಂಗಡಿಸುವವನು ಕೈಗವಸು ಕಳಚದೆ ಬೇರೇನನ್ನೂ ಮುಟ್ಟುವಂತಿಲ್ಲ. ಆ ಗಾಡಿಯ ಬೆಡ್‌ಶೀಟುಗಳೆಲ್ಲ ಒಂದು ಕಡೆ, ರಕ್ತ ಹತ್ತಿದವು ಇನ್ನೊಂದು ಕಡೆ ಆಗುವ ತನಕ ತಡೆದು, ಕೈ ತೊಳೆದು, ಗೋಡೆಗೆ ಬೆನ್ನು ಕೊಟ್ಟು ನಿಂತು ಸಂದೇಶ ತೆರೆದ. ತೆರಿಗೆ ಇಲಾಖೆಯಿಂದ ವಾಪಸು ಬರಬೇಕಿದ್ದ ಹಣ ಖಾತೆಗೆ ಜಮಾ ಆಗಿತ್ತು. ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ಇನ್ನೊಮ್ಮೆ ಓದಿದ. ಬರಬೇಕಾದದ್ದು ನಲವತ್ತೊಂದು ಸಾವಿರ. ಬಂದದ್ದು ಒಂಬತ್ತು ಸಾವಿರ ಚಿಲ್ಲರೆ.

ಕಂತಿನಲ್ಲಿ ಕಳಿಸುತ್ತಿರಬೇಕು, ಉಳಿದದ್ದು ನಾಳೆ ಬರಬಹುದು ಎಂದುಕೊಂಡು ಮತ್ತೆ ಕೈಗವಸು ಹಾಕಿಕೊಂಡ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮನೆಯಲ್ಲಿ ಹೆಂಡತಿ ಪ್ರತಿ ಸಂಜೆ ಹುಬ್ಬೆತ್ತಿ ಅವನ ಮುಖ ನೋಡುತ್ತಿದ್ದಳು. ಅವನು ತಲೆಯಾಡಿಸಿ, ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗುತ್ತಿದ್ದ.

ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಲಾಕರ್ ಎಂದು. ರೋಗಿಗಳ ಹಾಸಿಗೆ ಬಟ್ಟೆಯ ಮಡಿಕೆಗಳಲ್ಲಿ ಏನೇನೋ ಬರುತ್ತದೆ: ಕನ್ನಡಕ, ಕಿವಿಯೋಲೆ, ಒಮ್ಮೊಮ್ಮೆ ಹಲ್ಲಿನ ಸೆಟ್ಟು. ಅದನ್ನೆಲ್ಲ ಸೋಸಿ, ಡೆಟಾಲಿನಲ್ಲಿ ತೊಳೆದು, ವಾರ್ಡಿನ ಹೆಸರು ಬರೆದ ಪೊಟ್ಟಣದಲ್ಲಿಟ್ಟು, ಮಧ್ಯಾಹ್ನ ತಾನೇ ಹೋಗಿ ಕೊಟ್ಟು ಬರುವುದು ಅವನ ರೂಢಿ. ಯಾರೂ ಹೇಳಿದ ಕೆಲಸವಲ್ಲ. ಒಮ್ಮೆ ಒಬ್ಬ ಮುದುಕಪ್ಪನಿಗೆ ಇನ್ನೊಬ್ಬರ ಹಲ್ಲು ಕೊಟ್ಟು ಬಂದು, ಆತ ಅದನ್ನು ಹಾಕಿಕೊಂಡು ಊಟವನ್ನೂ ಮುಗಿಸಿ, 'ಬಿಗಿ ಇದೆ, ಆದರೂ ಪರವಾಗಿಲ್ಲ' ಎಂದಿದ್ದು ಲಾಂಡ್ರಿಯಲ್ಲಿ ಇವತ್ತಿಗೂ ನಗುವಿನ ಮಾತು. ಆದರೆ ಒಂದು ಉಂಗುರವೂ ಅವನ ಕೈಯಲ್ಲಿ ಕಳೆದುಹೋದದ್ದಿಲ್ಲ.

ಅಂಥವನ ಕೈಗೆ ದುಡ್ಡು ಬಂದದ್ದು ಸಹಜವಾಗಿಯೇ. ಬಟ್ಟೆ ಮಡಿಸುವ ಕೋಣೆಯ ಹಿರಿಯಳೊಬ್ಬಳಿದ್ದಾಳೆ. ಎಲ್ಲರಿಗೂ ಅವಳು ಅಕ್ಕ. ಅವಳ ಗಂಡನ ಮೂಗಿಗೆ ಮನೆಯ ಯಾವ ಡಬ್ಬದಲ್ಲಿ ದುಡ್ಡಿದ್ದರೂ ವಾಸನೆ ಹೊಡೆಯುತ್ತದೆ. ಮರುದಿನ ಡಬ್ಬ ಖಾಲಿ, ಅವನು ಕುಡಿದು ತುಂಬಿರುತ್ತಾನೆ. ಅವಳೇ ಮೊದಲು ಸಂಬಳದ ದಿನ ಒಂದಿಷ್ಟು ತಂದು, "ಇದು ನಿನ್ನ ಹತ್ರ ಇರ್ಲಿ ತಮ್ಮಾ" ಎಂದವಳು. ಅವಳ ಹಿಂದೆ ಬಾಯ್ಲರ್ ನೋಡಿಕೊಳ್ಳುವ ಮಾವ, ಗಾಡಿ ತಳ್ಳುವ 'ರೇಡಿಯೋ', ಇಸ್ತ್ರಿ ರೋಲರಿನ ಅತ್ತಿಗೆ ನಾದಿನಿ ಇಬ್ಬರು, ಹೀಗೆ ಹನ್ನೊಂದು ಮಂದಿ. ಎಲ್ಲರೂ ಗುತ್ತಿಗೆಯವರು. ಇವನೊಬ್ಬನೇ ಕಾಯಂ ನೌಕರ, ಆಸ್ಪತ್ರೆಯ ಎದುರಿನ ಬ್ಯಾಂಕಿನಲ್ಲಿ ಖಾತೆ, ಗುರುತಿನ ಚೀಟಿ ಎಲ್ಲ ಇದ್ದವನು. ಮನೆಯಲ್ಲಿ ಅಷ್ಟು ದುಡ್ಡಿಟ್ಟುಕೊಂಡು ಮಲಗಲಾಗದೆ ತನ್ನ ಹೆಸರಿನಲ್ಲಿ ಠೇವಣಿ ಮಾಡಿದ. ಅವನದೂ ಒಂದು ಪಾಲಿತ್ತು. ಮಗಳ ನರ್ಸಿಂಗ್ ಓದಿಗೆಂದು ಅದನ್ನು ಯಾವಾಗಲೋ ತೆಗೆದುಕೊಂಡಿದ್ದ. ಆಮೇಲೆ ಅಲ್ಲಿ ಉಳಿದದ್ದೆಲ್ಲ ಬೇರೆಯವರದು. ವರ್ಷಕ್ಕೊಮ್ಮೆ ಬಡ್ಡಿ ಬಂದ ದಿನ, ಮಡಿಸುವ ಕೋಣೆಯ ಉದ್ದನೆ ಮೇಜಿನ ಮೇಲೆ ಅವರವರ ಪಾಲನ್ನು ಲಕೋಟೆಯಲ್ಲಿಟ್ಟು ಹಂಚುತ್ತಿದ್ದ. ಚಿಲ್ಲರೆ ಹೊಂದದಿದ್ದರೆ ತನ್ನ ಜೇಬಿನಿಂದ ಸೇರಿಸಿ ನೋಟು ಮಾಡುತ್ತಿದ್ದ.

ನಲವತ್ತೊಂದು ಸಾವಿರದ ಲೆಕ್ಕವೂ ಗಾಳಿಯಲ್ಲಿ ಕಟ್ಟಿದ್ದಲ್ಲ. ಕಾಯಂ ನೌಕರರಿಗೆ ಹಲವು ವರ್ಷಗಳ ಹಿಂಬಾಕಿ ಸಂಬಳ ಒಂದೇ ಸಲ ಬಂದಿತ್ತು. ಒಟ್ಟಿಗೆ ಬಂದದ್ದರಿಂದ ತೆರಿಗೆಯನ್ನೂ ದಪ್ಪಗೆ ಹಿಡಿದಿದ್ದರು. 'ಇದು ಒಂದು ವರ್ಷದ ಗಳಿಕೆ ಅಲ್ಲ ಅಂತ ತೋರಿಸಿದ್ರೆ ಹೆಚ್ಚಿಗೆ ಹಿಡಿದದ್ದು ವಾಪಸ್ ಬರುತ್ತೆ' ಎಂದು ತೆರಿಗೆ ಸಲಹೆಗಾರ ಲೆಕ್ಕ ಹಾಕಿ, ಅರ್ಜಿ ತುಂಬಿಸಿ, ಮೊತ್ತದ ಕೆಳಗೆ ಎರಡು ಗೆರೆ ಎಳೆದು ಕೊಟ್ಟಿದ್ದ. ಅಂದು ಸಂಜೆಯೇ ಇವನು ಹೆಂಡತಿಯನ್ನು ಕಿವಿ ಯಂತ್ರದ ಅಂಗಡಿಗೆ ಕರೆದುಕೊಂಡು ಹೋಗಿದ್ದ.

ಅವಳ ಕಿವಿ ಒಂದೇ ದಿನ ಕೈಕೊಟ್ಟದ್ದಲ್ಲ. ಮೊದಲು ಬಾಗಿಲು ಬಡಿದದ್ದು ಕೇಳದಾಯಿತು, ಆಮೇಲೆ ಫೋನು, ಆಮೇಲೆ ಮಗಳು. ಮಾತಿನ ಮಲ್ಲಿಯಾಗಿದ್ದವಳು ಮದುವೆ ಮುಂಜಿಗೆ ಕರೆದರೂ ಹೋಗುವುದನ್ನು ಬಿಟ್ಟಳು. ಹೋದರೆ ಎಲ್ಲರ ಬಾಯಿ ನೋಡುತ್ತಾ, ಎಲ್ಲರೂ ನಕ್ಕಾಗ ಒಂದು ಗಳಿಗೆ ತಡವಾಗಿ ನಗುತ್ತಾ ಕೂರಬೇಕು. ಅಂಗಡಿಯವರು ಒಂದು ವಾರದ ಪರೀಕ್ಷೆಗೆಂದು ಎರಡೂ ಕಿವಿಗೆ ಯಂತ್ರ ಕೊಟ್ಟು ಕಳಿಸಿದ್ದರು. ಮೊದಲ ದಿನ ಅವಳು ಅವನ ಪಕ್ಕ ಊಟಕ್ಕೆ ಕೂತವಳು ತುತ್ತು ಕೆಳಗಿಟ್ಟು ಅವನನ್ನೇ ನೋಡಿದ್ದಳು.

"ಇಷ್ಟು ವರ್ಷ ನೀವು ಹೀಗೇ ಸೊರ ಸೊರ ಅಂತ ಉಣ್ತಿದ್ರಾ?"

"ನೀನು ಅಟ್ಟದ ಮೇಲೆ ಕುಣಿದ ಹಾಗೆ ಪಾತ್ರೆ ಇಡ್ತಿದ್ದೆ. ನಾನೇನಾದ್ರೂ ಹೇಳಿದ್ನಾ?"

ಆ ವಾರ ಮಗಳ ಜೊತೆ ಫೋನಿನಲ್ಲಿ ಅರ್ಧರ್ಧ ಗಂಟೆ ಮಾತಾಡಿದಳು. ಮೊಮ್ಮಗು ಹೊಸದಾಗಿ ಕಲಿತ ಎರಡಕ್ಷರವನ್ನು ಫೋನಿನಾಚೆಯಿಂದ ಕೇಳಿ ತಾನೂ ಅದನ್ನೇ ಹೇಳಿಕೊಂಡು ಮನೆಯೆಲ್ಲ ಓಡಾಡಿದಳು. ವಾರ ಮುಗಿದ ಮೇಲೆ ಯಂತ್ರವನ್ನು ಡಬ್ಬಿಯಲ್ಲಿಟ್ಟು ವಾಪಸು ಕೊಡಬೇಕಾಯಿತು. ಐದು ಸಾವಿರ ಮುಂಗಡ ಕೊಟ್ಟು, ತಿಂಗಳ ಕೊನೆಯವರೆಗೆ ಅದೇ ಬೆಲೆಗೆ ಒಂದು ಜೋಡಿ ತೆಗೆದಿಡಲು ಹೇಳಿ ಬಂದರು. ಉಳಿದ ನಲವತ್ತು ಸಾವಿರ ತೆರಿಗೆಯ ಹಣದಿಂದ. ಈಗ ಆ ತಿಂಗಳು ಮುಗಿಯುತ್ತಾ ಬಂದಿತ್ತು.

ಸಲಹೆಗಾರನ ಕೋಣೆ ಜೆರಾಕ್ಸ್ ಅಂಗಡಿಯ ಮೇಲಿತ್ತು. ಕಡಿದಾದ ಮೆಟ್ಟಿಲು, ಎರಡು ಪ್ಲಾಸ್ಟಿಕ್ ಕುರ್ಚಿ, ಕಿಟಕಿಯ ತುಂಬ ಕಡತ. ವಯಸ್ಸಿನಲ್ಲಿ ಲಾಕರ್‌ಗಿಂತ ಚಿಕ್ಕವನು, ಮುಖದಲ್ಲಿ ದಣಿವು ಮಾತ್ರ ದೊಡ್ಡದು. ಕಂಪ್ಯೂಟರಿನಲ್ಲಿ ಏನೋ ಒತ್ತಿ, ಓದಿ, ಕುರ್ಚಿಗೆ ಒರಗಿದ.

"ಸಂಬಳ ಬಿಟ್ಟು ಬೇರೆ ಆದಾಯ ಏನಾದ್ರೂ ಇದೆಯಾ ಅಂತ ನಾನು ಕೇಳಿದ್ದೆ, ನೆನಪಿದೆಯಾ?"

"ಕೇಳಿದ್ರಿ. ಇಲ್ಲ ಅಂದೆ. ಇಲ್ಲವೇ ಇಲ್ಲ."

ಸಲಹೆಗಾರ ಪರದೆಯನ್ನು ಅವನ ಕಡೆ ತಿರುಗಿಸಿದ. "ಹಾಗಾದ್ರೆ ಈ ಠೇವಣಿ ಯಾರದು? ಬಡ್ಡಿ ಬಂದಿದೆಯಲ್ಲ, ಸಣ್ಣದೇನಲ್ಲ."

ಲಾಕರ್‌ಗೆ ಒಂದು ಕ್ಷಣ ನಿರಾಳವಾಯಿತು. ತಪ್ಪು ಎಲ್ಲಿದೆ ಎಂದು ಗೊತ್ತಾಗಿಬಿಟ್ಟಿತಲ್ಲ. "ಅಯ್ಯೋ, ಅದು ನನ್ನ ದುಡ್ಡಲ್ಲ ಸಾರ್. ನಮ್ಮ ಲಾಂಡ್ರಿಯವರದ್ದು. ಹನ್ನೊಂದು ಜನರದ್ದು. ನಾನು ಸುಮ್ನೆ ಇಟ್ಕೊಂಡಿರೋದು."

"ಹೆಸರು?"

"ಹೆಸರು ನನ್ನದೇ."

"ಬಡ್ಡಿ ಯಾರ ಖಾತೆಗೆ ಬಂತು?"

"ನನ್ನ ಖಾತೆಗೆ. ಆದ್ರೆ ಅವತ್ತೇ ಹಂಚಿಬಿಟ್ಟೆ. ಒಂದು ಬಿಡಿಗಾಸು ಇಟ್ಕೊಂಡಿಲ್ಲ, ಯಾರನ್ನ ಬೇಕಾದ್ರೂ ಕೇಳಿ."

"ನಾನು ಕೇಳಿ ಏನ್ ಮಾಡ್ಲಿ? ನಾನು ನಂಬ್ತೀನಿ. ಬ್ಯಾಂಕು ಪ್ರತಿ ವರ್ಷ ಇಂಥವರ ಹೆಸರಿಗೆ ಇಷ್ಟು ಬಡ್ಡಿ ಕೊಟ್ಟೆ ಅಂತ ಇಲಾಖೆಗೆ ಹೇಳುತ್ತೆ. ಇಲಾಖೆಗೆ ಕಾಣೋದು ಹೆಸರು ಒಂದೇ. ನಿಮ್ಮ ಸಂಬಳದ ಮೇಲೆ ಆ ಬಡ್ಡೀನೂ ಸೇರಿಸಿದ್ರು, ಅದಕ್ಕೆ ತೆರಿಗೆ ಹಾಕಿದ್ರು. ಅದು ಈ ವರ್ಷದ್ದು, ಹದಿಮೂರು ಸಾವಿರದ ಹತ್ರ. ಅದಲ್ಲದೆ ಹಿಂದಿನ ಎರಡು ವರ್ಷದ ಬಡ್ಡೀನೂ ನೀವು ತೋರಿಸಿರಲಿಲ್ಲ. ಆ ತೆರಿಗೆ, ಕಟ್ಟೋದು ತಡವಾಗಿದ್ದಕ್ಕೆ ಮೇಲೆ ಬಡ್ಡಿ. ಎಲ್ಲಾ ಸೇರಿಸಿ ನಿಮಗೆ ಬರೋ ದುಡ್ಡಲ್ಲೇ ಮುರಿದುಕೊಂಡಿದ್ದಾರೆ. ಉಳಿದದ್ದು ಒಂಬತ್ತು."

"ಒಂದು ಮಾತು ಕೇಳ್ಬೇಕಿತ್ತಲ್ಲ ಅವರು?"

"ಕೇಳಿದ್ದಾರೆ. ಎರಡು ಸಲ ಇಮೇಲ್ ಕಳಿಸಿದ್ದಾರೆ. ಇದು ಯಾರ ಇಮೇಲು?"

ಲಾಕರ್ ಪರದೆ ನೋಡಿದ. ಅದು ಹೆಂಡತಿಯ ತಮ್ಮನದು. ಹಿಂದೆ ಯಾವತ್ತೋ ಅರ್ಜಿ ತುಂಬುವಾಗ ಅವನು ಜೊತೆಗಿದ್ದ, ತನ್ನದನ್ನೇ ಕೊಟ್ಟಿದ್ದ. ಮದುವೆಯ ಕರೆಯೋಲೆಯನ್ನೂ ಮದುವೆ ಮುಗಿದ ಮೇಲೆ ಒಡೆದು ಓದುವ ಆಸಾಮಿ ಅವನು.

"ಅವರವರ ಪಾಲು ಅವರವರ ಲೆಕ್ಕಕ್ಕೆ ಹಾಕಿ ಅಂತ ಬರೆದು ಕೊಟ್ರೆ?"

"ಅವರು ದುಡ್ಡು ಕೊಟ್ಟಿದ್ದಕ್ಕೆ, ನೀವು ಬಡ್ಡಿ ಹಂಚಿದ್ದಕ್ಕೆ ಬರಹ ಏನಾದ್ರೂ ಇದೆಯಾ? ಸಹಿ? ಬ್ಯಾಂಕಿಂದ ಬ್ಯಾಂಕಿಗೆ ಹಾಕಿದ್ದು?"

"ಲಕೋಟೆಯಲ್ಲಿ ಕೊಡ್ತಿದ್ದೆ."

ಸಲಹೆಗಾರ ಪರದೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡ. ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ, "ಒಂದು ವಿಷಯ ಗೊತ್ತಾ?" ಎಂದ. "ಅವರ ಹೆಸರಲ್ಲೇ ಬೇರೆ ಬೇರೆ ಇಟ್ಟಿದ್ರೆ ಯಾರೂ ಒಂದು ಪೈಸೆ ತೆರಿಗೆ ಕಟ್ಬೇಕಾಗಿರಲಿಲ್ಲ. ಅವರ ಸಂಬಳ ಆ ಮಿತಿ ಮುಟ್ಟೋದೇ ಇಲ್ಲ. ನೀವು ಒಬ್ಬರೇ ಇಟ್ಕೊಂಡಿದ್ದಕ್ಕೆ ಈ ತೆರಿಗೆ ಹುಟ್ಟಿರೋದು."

ಮೆಟ್ಟಿಲು ಇಳಿಯುವಾಗ ಲಾಕರ್ ಗೋಡೆ ಹಿಡಿದುಕೊಂಡೇ ಇಳಿದ. ಶುಲ್ಕ ಎಷ್ಟೆಂದು ಕೇಳಿದ್ದಕ್ಕೆ ಸಲಹೆಗಾರ ಕೈ ಅಡ್ಡ ಆಡಿಸಿದ್ದ. ಬೇಡವೆಂದದ್ದೇ ಹೆಚ್ಚು ಕುಟುಕಿತು.

ಹೆಂಡತಿಗೆ ಇದನ್ನು ಹೇಳುವುದೇ ಇನ್ನೊಂದು ಕಷ್ಟ. ಆ ಮನೆಯಲ್ಲಿ ಗುಟ್ಟಿನ ಮಾತು ಎಂಬುದು ಇಲ್ಲವಾಗಿ ಬಹಳ ಕಾಲವಾಗಿತ್ತು. ಏನು ಹೇಳಿದರೂ ಕೂಗಿ ಹೇಳಬೇಕು. ಪಕ್ಕದ ಮನೆಗೂ ಇವರಿಗೂ ನಡುವೆ ಇರುವುದು ಒಂದಿಟ್ಟಿಗೆಯ ಗೋಡೆ. ಒಮ್ಮೆ ಇವನು 'ಕತ್ತರಿ ಎಲ್ಲಿಟ್ಟಿದ್ದೀಯೇ' ಎಂದು ಮೂರು ಸಲ ಕೂಗಿದಾಗ ಗೋಡೆಯಾಚೆಯಿಂದ ಆ ಮನೆಯಾಕೆಯೇ 'ನಿನ್ನೆ ನಮಗೆ ಕೊಟ್ಟಿದ್ರಿ ಅಣ್ಣಾ, ತಂದ್ಕೊಡ್ತೀನಿ' ಎಂದಿದ್ದಳು. ಕೆಲಸದಲ್ಲಿ ಯಂತ್ರಗಳ ಸದ್ದಿಗೆ ಕೂಗಿ, ಮನೆಯಲ್ಲಿ ಹೆಂಡತಿಗಾಗಿ ಕೂಗಿ, ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತಂತಾಗಿತ್ತು.

ಅಂದು ಅವಳೆದುರು ಸ್ಟೂಲು ಎಳೆದುಕೊಂಡು ಕೂತು, ತುಟಿ ಕಾಣುವಂತೆ ಮುಖ ಎತ್ತಿ, ಆದಷ್ಟು ತಗ್ಗಿಸಿದ ದನಿಯಲ್ಲಿ ಶುರು ಮಾಡಿದ. ಅವಳು ಕೈಯನ್ನು ಕಿವಿಯ ಹಿಂದೆ ಹಿಡಿದಳು. ದನಿ ಏರಿಸಿದ. "ದುಡ್ಡು ಬಂತು! ಕಮ್ಮಿ ಬಂತು!"

"ಎಷ್ಟು?"

ಬೆರಳೆತ್ತಿ ತೋರಿಸಿದ.

"ಉಳಿದದ್ದು?"

"ಬಡ್ಡಿಗೆ ಹೋಯ್ತು! ಲಾಂಡ್ರಿಯವರ ಬಡ್ಡಿ! ನನ್ನ ಹೆಸರಲ್ಲಿತ್ತಲ್ಲ, ಅದಕ್ಕೆ ನನ್ನ ತೆರಿಗೆ!"

ಗೋಡೆಯಾಚೆ ಟಿ.ವಿ.ಯ ಸದ್ದು ತಟ್ಟನೆ ಕಡಿಮೆಯಾಯಿತು.

ಅವಳು ಅರ್ಥ ಮಾಡಿಕೊಳ್ಳಲು ಮೂರು ಸಲ ಕೇಳಿದಳು. ಮೂರು ಸಲವೂ ಅವನು ಓಣಿಗೇ ಕೇಳುವಂತೆ ಹೇಳಿದ. ಅರ್ಥವಾದ ಮೇಲೆ ಅವಳು ಅಳಲಿಲ್ಲ. ಒಲೆಯ ಕಡೆ ತಿರುಗಿ ಬೆಂಕಿ ಸಣ್ಣ ಮಾಡಿದಳು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದಳು. ತನ್ನ ದನಿ ತನಗೇ ಕೇಳದವರು ಆಡುವಂತೆ, ಜೋರಾಗಿ, ಏರಿಳಿತವಿಲ್ಲದೆ. "ಲಕೋಟೆ ತಗೊಂಡವರು ಯಾರು? ಅವರೇ ತಾನೆ? ಹೋಗಿ ಕೇಳಿ."

"ಹೇಗೆ ಕೇಳೋದೇ? ಕೊಟ್ಟದ್ದನ್ನ ವಾಪಸ್..."

ಅವಳು ಅವನ ತುಟಿ ನೋಡುತ್ತಿರಲಿಲ್ಲ. "ನಾಚಿಕೆ ಆದ್ರೆ ಹೇಳಿ. ನಾನೇ ಬಂದು ಕೇಳ್ತೀನಿ. ನನಗೇನು, ಅವರು ಬೈದ್ರೂ ಕೇಳ್ಸಲ್ಲ."

ಅವನಿಗೆ ನಗು ಬಂತು, ಅವಳಿಗೂ ಬಂತು. ಅದು ಅಡುಗೆಮನೆಯ ಬಾಗಿಲಿನವರೆಗೂ ಬಾಳಲಿಲ್ಲ.

ಮಡಿಸುವ ಕೋಣೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ರೋಲರ್ ನಿಲ್ಲಿಸುತ್ತಾರೆ. ಆಗ ಮಾತ್ರ ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದು. ಬೆಚ್ಚಗಿನ ಬಟ್ಟೆಯ ವಾಸನೆ, ಮೇಜಿನ ತುದಿಯಲ್ಲಿ ಡಬ್ಬಿಗಳು. ಲಾಕರ್ ತನ್ನ ಡಬ್ಬಿ ತೆರೆಯದೆ ನಿಂತೇ ವಿಷಯ ಹೇಳಿದ. ಮೂರು ರಾತ್ರಿ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡದ್ದು ಬಾಯಿಗೆ ಬರುವಾಗ ಹಿಂದು ಮುಂದಾಯಿತು. ಹೆಂಡತಿಯ ಕಿವಿಯ ವಿಷಯ ಎತ್ತಬಾರದೆಂದುಕೊಂಡಿದ್ದ, ಅದೇ ಮೊದಲು ಬಂತು.

"ಅಂದ್ರೆ ಈಗ ಲಾಕರಿಗೇ ತೂತು ಬಿದ್ದಿದೆ ಅನ್ನಿ," ಎಂದ ರೇಡಿಯೋ. ಬಿಡುವಿಲ್ಲದೆ ಮಾತಾಡುವುದಕ್ಕೇ ಅವನಿಗೆ ಆ ಹೆಸರು. ಯಾರೂ ನಗಲಿಲ್ಲ.

ಬಾಯ್ಲರ್ ಮಾವ ಊಟ ನಿಲ್ಲಿಸಿ, "ನನ್ನ ಪಾಲಿಗೆ ಎಷ್ಟಾಗುತ್ತಪ್ಪಾ? ಈಗ್ಲೇ ಹಿಡ್ಕೋ," ಎಂದು ಎಡಗೈಯನ್ನು ಜೇಬಿಗೆ ಹಾಕಿದ.

"ತಡಿ ಮಾವ," ಎಂದಳು ರೋಲರಿನ ಅತ್ತಿಗೆ. ಅವಳ ನಾದಿನಿ ತಟ್ಟೆ ನೋಡುತ್ತಾ ಕೂತಿದ್ದಳು. "ತಪ್ಪು ತಿಳೀಬೇಡ ಅಣ್ಣಾ. ನಮ್ಮ ಹೆಸರಲ್ಲಿ ಇಟ್ಟಿದ್ರೆ ತೆರಿಗೆನೇ ಇರ್ತಿರಲಿಲ್ಲ ಅಂತ ನೀನೇ ಹೇಳ್ದೆ. ಇಲ್ಲದ ತೆರಿಗೆ ನಾವ್ಯಾಕೆ ಕಟ್ಬೇಕು?"

ಲಾಕರ್ ಅದನ್ನು ಹೇಳಬಾರದಿತ್ತು. ಆದರೆ ಸಲಹೆಗಾರ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸುವುದು ಅವನ ಜಾಯಮಾನ. ಹಲ್ಲಿನ ಸೆಟ್ಟು ಸಿಕ್ಕರೂ ಉಂಗುರ ಸಿಕ್ಕರೂ ಒಂದೇ ಥರ.

"ಹಿಂದಿನ ವರ್ಷದ್ದು ಹೇಗೆ ಕೇಳ್ತೀಯ?" ಎಂದ ಮತ್ತೊಬ್ಬ. "ಆವಾಗ್ಲೇ ನೀನು ತೋರಿಸಿದ್ರೆ ಈ ಮೇಲಿನ ಬಡ್ಡಿ ಬೀಳ್ತಿರಲಿಲ್ಲ ಅಲ್ವಾ? ಅದು ನಿನ್ನ ಮರೆವು."

"ಮರೆವಲ್ಲ. ನನ್ನದು ಅಂತ ಅನ್ನಿಸಲೇ ಇಲ್ಲ."

ಅಷ್ಟರಲ್ಲಿ ಅಕ್ಕ ಕೈ ತೊಳೆದು ಬಂದು, ಸೆರಗಿಗೆ ಒರೆಸಿಕೊಳ್ಳುತ್ತಾ ಅವನೆದುರು ನಿಂತಳು. ಅವನು ಅವಳ ಮುಖ ನೋಡಿದ. ಇಷ್ಟೂ ಜನರಲ್ಲಿ ಅವನು ನೆಚ್ಚಿಕೊಂಡಿದ್ದು ಅವಳನ್ನೇ.

"ಈ ವರ್ಷದ್ದು ಎಲ್ಲರೂ ಕೊಡೋಣ. ಬಡ್ಡಿ ತಿಂದಿದ್ದೀವಿ, ಕೊಡ್ಬೇಕು," ಎಂದಳು ಅಕ್ಕ. ಅವನ ಎದೆ ಹಗುರಾಗುವಷ್ಟರಲ್ಲಿ ಮುಂದಿನದನ್ನೂ ಹೇಳಿದಳು. "ಆದ್ರೆ ತಮ್ಮಾ, ನಮ್ಮ ದುಡ್ಡು ನಮಗೆ ಕೊಟ್ಬಿಡು."

"ಅಕ್ಕಾ, ನನ್ನ ಮೇಲೆ ಅನುಮಾನಾನಾ?"

"ನಿನ್ನ ಮೇಲೆ ಅನುಮಾನ ಪಟ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ. ಆದ್ರೆ ಸರ್ಕಾರ ಏನು ಹೇಳ್ತಿದೆ? ಅದು ನಿನ್ನ ದುಡ್ಡು ಅಂತ ತಾನೆ? ನಿನ್ನ ಹತ್ರ ತೆರಿಗೆ ತಗೊಂಡು ಮೊಹರು ಒತ್ತಿದ ಹಾಗಾಯ್ತಲ್ಲ. ನಾಳೆ ನಿನಗೇನಾದ್ರೂ ಹೆಚ್ಚು ಕಮ್ಮಿ ಆದ್ರೆ ನಾನು ಯಾರ ಹತ್ರ ಹೋಗಿ ಬಾಯಿ ಬಿಡ್ಲಿ? ನಿನ್ನ ಹೆಂಡ್ತಿ ಹತ್ರಾನಾ? ಅವಳಿಗೆ ಕೇಳ್ಸುತ್ತಾ?"

ಅವಳು ಕೊನೆಯ ಮಾತನ್ನು ಕೊಂಕಿನಿಂದ ಆಡಿದ್ದಲ್ಲ. ಇದ್ದ ಸಂಗತಿಯನ್ನು ಹೇಳಿದ್ದಳು. ಆಡಿದ ಮೇಲೆ ತಾನೇ ತುಟಿ ಕಚ್ಚಿಕೊಂಡಳು.

"ಮನೆಗೆ ತಗೊಂಡು ಹೋದ್ರೆ ನಿನ್ನ ಗಂಡ ಉಳಿಸ್ತಾನಾ ಅಕ್ಕಾ?" ಎಂದು ಲಾಕರ್ ಕೇಳಿದ. ಗೆಲ್ಲಲು ಕೇಳಿದ್ದಲ್ಲ, ನಿಜಕ್ಕೂ ಅದೇ ಅವನ ಚಿಂತೆಯಾಗಿತ್ತು.

"ಅದು ನನ್ನ ಹಣೆಬರಹ," ಎಂದಳು.

ಅವಳು ಹಾಗೆಂದ ಮೇಲೆ ಉಳಿದವರಿಗೂ ದಾರಿ ಸಿಕ್ಕಿತು. ಒಬ್ಬೊಬ್ಬರಾಗಿ, ಮೇಜು ನೋಡುತ್ತಾ, ನಮ್ಮದೂ ಕೊಟ್ಬಿಡಣ್ಣ ಎಂದರು. ಬಾಯ್ಲರ್ ಮಾವ ಮಾತ್ರ, "ನನ್ನದು ಅಲ್ಲೇ ಇರ್ಲಿ," ಎಂದು ಹಠ ಹಿಡಿದ. ಒಬ್ಬನದೇ ಇಟ್ಟುಕೊಂಡರೂ ಮತ್ತೆ ಅದೇ ಕತೆ ಎಂದು ಲಾಕರ್ ಅವನಿಗೆ ವಿವರಿಸಬೇಕಾಯಿತು. ಮಾವ ಒಪ್ಪಿದ, ಆದರೆ ತಾನೇನೋ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿ ಬಾಯ್ಲರಿನ ಕಡೆ ಹೋದ. ರೇಡಿಯೋ ಗಾಡಿ ತಳ್ಳಿಕೊಂಡು ಹೊರಡುವಾಗ ಅವನ ಬಾಯಿಯೂ ಮುಚ್ಚಿತ್ತು.

ಅವಧಿಗೆ ಮುಂಚೆ ಠೇವಣಿ ಮುರಿಯುವುದಕ್ಕೆ ಬ್ಯಾಂಕಿನವರು ಕಾರಣ ಕೇಳಿದರು. "ಮನೆ ಖರ್ಚು," ಎಂದ ಲಾಕರ್. ಇನ್ನೇನು ಹೇಳುವುದೆಂದು ಅವನಿಗೆ ತೋಚಲಿಲ್ಲ. ಮುರಿದದ್ದಕ್ಕೆ ಬ್ಯಾಂಕು ಒಂದಷ್ಟು ಕತ್ತರಿಸಿಕೊಂಡಿತು. ಅದನ್ನೂ ಈ ವರ್ಷದ ತೆರಿಗೆಯನ್ನೂ ಅವರವರ ಪಾಲಿಗೆ ತಕ್ಕಂತೆ ಕಳೆದು, ಉಳಿದದ್ದನ್ನು ಅದೇ ಉದ್ದನೆ ಮೇಜಿನ ಮೇಲೆ ಹಂಚಿದ. ಈ ಸಲ ಪ್ರತಿಯೊಬ್ಬರಿಂದಲೂ ಸಹಿ ಹಾಕಿಸಿಕೊಂಡ. ಸಲಹೆಗಾರ ಹಾಗೆ ಹೇಳಿದ್ದ. ಹೆಬ್ಬೆಟ್ಟಿನವರು ಇಬ್ಬರಿದ್ದರು, ಅವರ ಬೆರಳಿಗೆ ಶಾಯಿ ಹಚ್ಚುವಾಗ ಅವನಿಗೆ ಅವರ ಮುಖ ನೋಡಲಾಗಲಿಲ್ಲ. ಎಲ್ಲರೂ ಎಣಿಸಿಕೊಂಡರು. ಮೊದಲು ಯಾರೂ ಅವನೆದುರು ಎಣಿಸುತ್ತಿರಲಿಲ್ಲ.

ಹಿಂದಿನ ಎರಡು ವರ್ಷದ ಹತ್ತೊಂಬತ್ತು ಸಾವಿರದ ಭಾರವನ್ನು ಅವನು ಮತ್ತೆ ಯಾರ ಬಳಿಯೂ ಎತ್ತಲಿಲ್ಲ. ರೋಲರಿನ ಅತ್ತಿಗೆ ಹೇಳಿದ್ದೂ ಸರಿ, ಅಕ್ಕ ಹೇಳಿದ್ದೂ ಸರಿ, ಇಲಾಖೆಯದೂ ಸರಿ. ಎಲ್ಲರದೂ ಸರಿ ಇರುವಾಗ ಆ ದುಡ್ಡು ಎಲ್ಲಿಗೆ ಹೋಯಿತು ಎಂದು ಬಟ್ಟೆ ವಿಂಗಡಿಸುತ್ತಾ ಎಷ್ಟೋ ಸಲ ಯೋಚಿಸಿದ. ಸಾಲ ಕೇಳಬಹುದಾಗಿತ್ತು. ಆದರೆ ಲಾಂಡ್ರಿಯಲ್ಲಿ ಎಲ್ಲರ ಕೈಗೂ ದುಡ್ಡು ಕೊಟ್ಟ ವಾರವೇ ಹೋಗಿ ಕೈಯೊಡ್ಡುವುದು ಹೇಗೆ? ಮಗಳ ಸಂಸಾರವೂ ಅಷ್ಟಕ್ಕಷ್ಟೆ. ಅವಳಿಗೆ ಹೇಳಕೂಡದೆಂದು ಹೆಂಡತಿ ಮೊದಲೇ ಕಟ್ಟಪ್ಪಣೆ ಮಾಡಿದ್ದಳು.

ಒಂಬತ್ತು ಚಿಲ್ಲರೆ, ಸಹೋದ್ಯೋಗಿಗಳಿಂದ ಬಂದ ಹದಿಮೂರು, ಕೊಟ್ಟಿದ್ದ ಮುಂಗಡ. ಅಷ್ಟಕ್ಕೆ ಒಂದು ಕಿವಿಯ ಯಂತ್ರ ಬರುತ್ತಿತ್ತು.

"ಎರಡೂ ಕಿವಿಗೆ ಹಾಕಿದ್ರೆ ಶಬ್ದ ಯಾವ ಕಡೆಯಿಂದ ಬರ್ತಿದೆ ಅಂತ ತಿಳಿಯುತ್ತೆ," ಎಂದಳು ಅಂಗಡಿಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಲಾಕರ್ ನೆಲ ನೋಡಿದ. ಅವಳಿಗೆ ಅರ್ಥವಾಗಿರಬೇಕು. "ಒಂದೇ ಆದ್ರೂ ಏನೂ ಇಲ್ಲದ್ದಕ್ಕಿಂತ ವಾಸಿ," ಎಂದು ತಾನೇ ಮಾತು ತಿದ್ದಿಕೊಂಡಳು. ಪರೀಕ್ಷೆಯ ಪ್ರಕಾರ ಎಡಗಿವಿಯಲ್ಲಿ ಇನ್ನೂ ಸ್ವಲ್ಪ ಜೀವ ಇತ್ತು. ಯಂತ್ರವಿಲ್ಲದೆ ಬಲಗಿವಿಯದು ಹೆಚ್ಚು ಕಡಿಮೆ ಮುಗಿದ ಕತೆ. ಎಡಕ್ಕೇ ಕೂರಿಸಿದಳು. ಗುಂಡಿ ಒತ್ತಿ, ಲಾಕರ್‌ನ ಕಡೆ ತಿರುಗಿ, "ಏನಾದ್ರೂ ಮಾತಾಡಿ ಸಾರ್, ಮನೆಯಲ್ಲಿ ಆಡೋ ಹಾಗೆ," ಎಂದಳು.

"ಕೇಳ್ತಾ ಇದೆಯೇನೇ!" ಎಂದ ಲಾಕರ್.

ಹೆಂಡತಿ ಬೆಚ್ಚಿ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಕುರ್ಚಿಯಲ್ಲಿ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. "ರೀ! ನಾನೇನು ಆಚೆ ದಡದಲ್ಲಿದ್ದೀನಾ?" ಎಂದಳು. ಆಮೇಲೆ ತನ್ನ ದನಿ ತನಗೇ ಕೇಳಿದ್ದಕ್ಕೋ ಏನೋ, ತಗ್ಗಿಸಿ, "ಕೇಳ್ತಿದೆ," ಎಂದಳು.

ಅವನು ಇನ್ನೊಮ್ಮೆ ಪ್ರಯತ್ನಿಸಿದ. ಗಂಟಲು ಮಾತನ್ನು ಸಣ್ಣದಾಗಿ ಬಿಡಲು ಒಪ್ಪದೆ ಕೆಮ್ಮು ಬಂತು.

ಮನೆಗೆ ನಡೆದೇ ಹೊರಟರು. ಸಂಜೆಯ ವಾಹನಗಳ ಹೊತ್ತು. ಒಂದು ಕಡೆ ಉದ್ದಕ್ಕೂ ಗೋಡೆ, ಇನ್ನೊಂದು ಕಡೆ ರಸ್ತೆ, ನಡುವೆ ಇಬ್ಬರು ಒತ್ತಿಕೊಂಡು ನಡೆಯುವಷ್ಟು ಜಾಗ. ಅವಳ ಕಿವಿ ಮಂದವಾದಾಗಿನಿಂದ ಅವನು ಯಾವಾಗಲೂ ರಸ್ತೆಯ ಕಡೆಗೇ ಇರುತ್ತಿದ್ದ, ಹಿಂದಿನಿಂದ ಬರುವ ಗಾಡಿ ಅವಳಿಗೆ ತಿಳಿಯದೆಂದು. ಇವತ್ತೂ ಹಾಗೇ ಅವಳ ಬಲಕ್ಕೆ ನಡೆಯುತ್ತಾ ಮಾತು ತೆಗೆದ. ಅಕ್ಕನ ಗಂಡ ಎರಡು ದಿನದಿಂದ ಮನೆಗೆ ಬಂದಿಲ್ಲವಂತೆ, ಡಬ್ಬವೂ ಖಾಲಿಯಂತೆ, ಅವಳು ಇವತ್ತು ಕೆಲಸಕ್ಕೆ ಬಂದಿದ್ದರೂ ಇವನ ಕಡೆ ನೋಡಲಿಲ್ಲ. ಸಣ್ಣ ದನಿಯಲ್ಲಿ, ಬಹಳ ದಿನಗಳ ಮೇಲೆ, ಬೇರೆ ಯಾರಿಗೂ ಕೇಳದಂತೆ ಅವಳಿಗೊಬ್ಬಳಿಗೇ ಇದನ್ನು ಹೇಳಬೇಕೆಂದಿತ್ತು.

ಅವಳು ಮುಂದೆ ನೋಡುತ್ತಾ ನಡೆಯುತ್ತಿದ್ದಳು. ಎಡಗಿವಿ ಗೋಡೆಯ ಕಡೆಗಿತ್ತು.

ಅವನು ಅವಳ ಹಿಂದಿನಿಂದ ಬಳಸಿ ಗೋಡೆಯ ಕಡೆಗೆ ಬಂದ. "ನಾನು ಹೇಳ್ತಿದ್ದದ್ದು..." ಎನ್ನುವಷ್ಟರಲ್ಲಿ ಒಂದು ಲಾರಿ ಅವಳ ಬಲ ಭುಜವನ್ನು ಸವರಿದಂತೆ ಹೋಯಿತು. ಅವಳ ಸೆರಗು ಗಾಳಿಗೆ ಎದ್ದಿತು. ಸದ್ದು ಅವಳಿಗೆ ಕೇಳಿಸಿತ್ತು, ಆದರೆ ಎಲ್ಲಿಂದ ಎಂದು ತಿಳಿಯದೆ ಗೋಡೆಯತ್ತ, ಆಮೇಲೆ ಅವನತ್ತ ಗಾಬರಿಯಿಂದ ನೋಡಿದಳು.

ಅವನು ಅವಳ ತೋಳು ಹಿಡಿದು ಒಳಕ್ಕೆ ಎಳೆದುಕೊಂಡ. ಮತ್ತೆ ರಸ್ತೆಯ ಕಡೆಗೆ ಹೋದ.

"ಏನೋ ಹೇಳ್ತಿದ್ರಿ," ಎಂದಳು ಸ್ವಲ್ಪ ದೂರ ಹೋದ ಮೇಲೆ.

ಅವನು ಅವಳ ಬಲಗಿವಿಯ ಪಕ್ಕದಲ್ಲಿ ನಡೆಯುತ್ತಾ, ಏನಿಲ್ಲ ಎಂಬಂತೆ ಕೈಯಾಡಿಸಿದ.